ಕಂಬಿಗೆ ಒರಗಬೇಡಿ

ಬಾರದ ಕೆಲಸವೊಂದು ಮನುಷ್ಯನಿಗೆ ಮೊದಲನೇ ಸಲಕ್ಕೇ ಸರಿಹೋಗಿಬಿಡಬಾರದು. ಕೆಟ್ಟರೆ ನಾಲ್ಕು ಮಾತು ಬೈಸಿಕೊಂಡು ಸುಮ್ಮನಾಗುತ್ತಾನೆ. ಸರಿಹೋಯಿತೋ, ಅಲ್ಲಿಂದ ಅವನ ಗ್ರಹಚಾರ ಶುರು. ನಮ್ಮ ಗುಮಾಸ್ತರ ಗ್ರಹಚಾರ ಶುರುವಾದದ್ದು ಒಂದು ಟಾರ್ಚಿನಿಂದ.

ಟಾರ್ಚಿನೊಳಗೆ ತಂತಿಯೊಂದು ಕಿತ್ತುಬಂದಿತ್ತು. ಗುಮಾಸ್ತರು ಅಂಗಡಿಯಿಂದ ಪೆನ್ನಿನಷ್ಟು ದಪ್ಪದ ಸೋಲ್ಡರಿಂಗ್ ಐರನ್ನನ್ನೂ ಒಂದು ಸುರುಳಿ ಸೀಸದ ತಂತಿಯನ್ನೂ ತಂದರು. ಅಡುಗೆಮನೆಯಲ್ಲಿ ಕೂತು, ಉಸಿರು ಬಿಗಿಹಿಡಿದು, ಒಂದು ತೊಟ್ಟು ಸೀಸ ಕರಗಿಸಿ ಬಿಟ್ಟರು. ತಂತಿ ಅಂಟಿತು. ಗುಂಡಿ ಒತ್ತಿದರೆ ಬೆಳಕೂ ಬಂತು! ಹಾಡಹಗಲಲ್ಲೇ ಮನೆಯ ಮೂಲೆಮೂಲೆಗೂ ಟಾರ್ಚು ಬಿಟ್ಟು ನೋಡಿದರು. ಹೆಂಡತಿಯೂ ಹಿಂದೆಹಿಂದೆಯೇ ಬಂದು ನೋಡಿದಳು. ಮದುವೆಯಾದಾಗಿನಿಂದ ಗಂಡನ ಕೈ ತಾಗಿದ ಸಾಮಾನೊಂದು ಕೆಡುವ ಬದಲು ರಿಪೇರಿಯಾದದ್ದು ಅದೇ ಮೊದಲು. ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಇರುವುದಾದರೂ ಹೇಗೆ?

ಆಕೆ ಪಕ್ಕದ ಮನೆಯ ಟೈಲರಮ್ಮನಿಗೆ ಹೇಳಿದಾಗ ಅದು ಬರೀ ಟಾರ್ಚಾಗಿತ್ತು. ಟೈಲರಮ್ಮ ಮೆಟ್ಟಿಲಲ್ಲಿ ಸಿಕ್ಕವರಿಗೆ ಹೇಳುವಾಗ ಟಾರ್ಚು ಬಿಟ್ಟುಹೋಗಿ ಬೆಸುಗೆ ಮಾತ್ರ ಉಳಿಯಿತು. ಕಟ್ಟಡದ ಸಂಘದ ಕಾರ್ಯದರ್ಶಿಗಳ ಕಿವಿ ಮುಟ್ಟುವ ಹೊತ್ತಿಗೆ ಗುಮಾಸ್ತರು ಕಬ್ಬಿಣಕ್ಕೆ ಕಬ್ಬಿಣ ಕೂಡಿಸುವ ಮಹಾನುಭಾವರಾಗಿದ್ದರು.

ಕಾರ್ಯದರ್ಶಿಗಳು ಅಂಥವರೊಬ್ಬರನ್ನೇ ಹುಡುಕುತ್ತಿದ್ದರು. ಎರಡನೇ ಮಹಡಿಯ ಮನೆಗಳ ಮುಂದೆ ಉದ್ದಕ್ಕೂ ಒಂದು ವರಾಂಡ. ಅದರ ಅಂಚಿಗೆ, ಸೊಂಟಮಟ್ಟಕ್ಕೆ, ಕಬ್ಬಿಣದ ಕಂಬಿ. ಮೇಲಿನ ದಪ್ಪ ಪೈಪಿನ ಒಂದು ತುದಿ ಮೂಲೆಯ ಗಟ್ಟಿ ಗೂಟದಿಂದ ಕಿತ್ತುಕೊಂಡು ಬಾಯಿಬಿಟ್ಟು ನಿಂತಿತ್ತು. ಕೆಳಗೆ ನೋಡಿದರೆ ಕಲ್ಲು ಹಾಸಿದ ಅಂಗಳ. ವೆಲ್ಡರನ್ನು ಕರೆಸುವ ವಿಚಾರ ಸಂಘದ ಪ್ರತಿ ಸಭೆಯಲ್ಲೂ ಬಂದು, ಚಹಾ ಬರುತ್ತಿದ್ದಂತೆ ಹೋಗುತ್ತಿತ್ತು.

"ನೀವು ಇರೋವಾಗ ಹೊರಗಿನವರು ಯಾಕೆ ಸಾರ್?" ಎಂದರು ಕಾರ್ಯದರ್ಶಿಗಳು.

"ಅದಕ್ಕೇನಂತೆ!" ಎಂದುಬಿಟ್ಟರು ಗುಮಾಸ್ತರು.

ಇರಲಾರದೆ ಇರುವೆ ಬಿಟ್ಟುಕೊಂಡರು ಎಂದು ನೀವು ನಗಬಹುದು. ಆದರೆ ಅವರ ಸಂಕಟ ಅವರಿಗೆ. ಅವರ ಮಾವನವರು ತರಬೇತಿ ಶಾಲೆಯ ವರ್ಕ್‌ಶಾಪಿನಲ್ಲಿ ಜೀವಮಾನವೆಲ್ಲ ವೆಲ್ಡಿಂಗು, ಬ್ರೇಜಿಂಗು, ಸೋಲ್ಡರಿಂಗು ಕಲಿಸಿ ನಿವೃತ್ತರಾದ ಮೇಷ್ಟ್ರು. ಮದುವೆಯಾದ ಹೊಸತರಲ್ಲಿ ಅಳಿಯ ಗೋಡೆಗೆ ಹೊಡೆದ ಒಂದು ಮೊಳೆಯನ್ನು ನೋಡಿ, "ಅಳಿಯಂದಿರ ಅಕ್ಷರ ಮಾತ್ರ ಬಹಳ ದುಂಡಗಿದೆ" ಎಂದಿದ್ದರು. ಆಮೇಲೆ ಅವರು ಅಳಿಯನನ್ನು ಯಾವುದಕ್ಕೂ ಬೈದದ್ದಿಲ್ಲ, ಹೊಗಳಿದ್ದೂ ಇಲ್ಲ. ಆ ಬಾಯಿಂದ ಒಂದೇ ಒಂದು ಶಹಬ್ಬಾಸ್ ಬಂದರೆ ಸಾಕೆಂದು ಗುಮಾಸ್ತರು ಎಷ್ಟೋ ವರ್ಷದಿಂದ ಕಾದಿದ್ದರು. ಹೆಂಡತಿ ಆಗಲೇ ಫೋನು ಹಿಡಿದು, "ಅಪ್ಪಾ, ಕಂಬೀನ ಇವರೇ ಬೆಸೀತಾರಂತೆ!" ಎನ್ನುತ್ತಿದ್ದಳು.

ರಜಾ ದಿನ ಬೆಳಿಗ್ಗೆ ಗುಮಾಸ್ತರು ಕೆಲಸಕ್ಕಿಳಿದರು. ನೋಡಲು ಮಹಡಿಯ ಜನವೆಲ್ಲ ನೆರೆದಿತ್ತು. ಮಣಿಕಟ್ಟಿನಷ್ಟು ದಪ್ಪದ, ತುಕ್ಕು ಹಿಡಿದ ಪೈಪು. ಅದರ ಎದುರು ಪೆನ್ನಿನಷ್ಟು ದಪ್ಪದ ಐರನ್ನು. ಸೀಸ ಕರಗಿತು, ಪೈಪಿನ ಮೇಲೆ ಬಿತ್ತು, ಗೋಲಿಯಾಗಿ ಉರುಳಿ ಟೈಲರಮ್ಮನ ಚಪ್ಪಲಿಯ ಪಕ್ಕಕ್ಕೆ ಹೋಯಿತು. ಎರಡನೆಯದೂ ಹೋಯಿತು. ಮೂರನೆಯದು ಒಂದು ಗಳಿಗೆ ಯೋಚನೆ ಮಾಡಿ ಹೋಯಿತು.

"ಅಂಟ್ತಾ ಇಲ್ಲವಲ್ಲ?" ಎಂದಳು ಟೈಲರಮ್ಮ.

ಗುಮಾಸ್ತರು ಎದ್ದುನಿಂತು ಗಂಭೀರವಾಗಿ ಹೇಳಿದರು: "ಇಲ್ಲಿವರೆಗೆ ಪೂರ್ವಸಿದ್ಧತೆ. ಇನ್ನುಮೇಲೆ ಬೆಸುಗೆಯ ಬೆಳಕು ಬರುತ್ತೆ. ನೋಡಿದವರ ಕಣ್ಣು ಹೋದರೆ ನಾನು ಜವಾಬ್ದಾರನಲ್ಲ."

ಮಹಡಿಯ ಬಾಗಿಲುಗಳೆಲ್ಲ ದಡದಡನೆ ಮುಚ್ಚಿಕೊಂಡವು. ಒಳಗೆ ಜನ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೂತರು. ಬಾರದ ಬೆಳಕಿಗೆ ಅಷ್ಟೊಂದು ಜನ ಹೆದರಿದ್ದು ಆ ಕಟ್ಟಡದಲ್ಲಿ ಹಿಂದೆಂದೂ ನಡೆದಿರಲಿಲ್ಲ. ಒಂಟಿಯಾದ ಗುಮಾಸ್ತರು ಪೈಪಿಗೂ ಗೂಟಕ್ಕೂ ನಡುವಿನ ಸಂದಿಗೆ ಹಳೆಯ ಪತ್ರಿಕೆ ಮಡಚಿ ತುರುಕಿದರು, ಮೇಲೆ ಇಡೀ ಸುರುಳಿ ಸೀಸವನ್ನು ಮೇಣ ಸುರಿದಂತೆ ಸುರಿದು ಗಂಟುಗಂಟಾಗಿ ಗುಪ್ಪೆ ಹಾಕಿದರು, ಗಂಟಿನ ಮೇಲೆ ಕಿಟಕಿ ಗಾಜಿಗೆ ಹಾಕುವ ಪುಟ್ಟಿ ಮೆತ್ತಿದರು, ಎಲ್ಲದರ ಮೇಲೂ ಬೆಳ್ಳಿಬಣ್ಣ ಬಳಿದರು. ಮುಗಿದಾಗ ಅದು ಎಷ್ಟು ಚೆನ್ನಾಗಿ ಕಂಡಿತೆಂದರೆ ಸ್ವತಃ ಗುಮಾಸ್ತರೇ ಅರ್ಧ ನಂಬಿದರು.

ಉಳಿದರ್ಧ ನಂಬೋಣವೆಂದು ಸಂಜೆ ಒಂದೇ ಬೆರಳಿನಿಂದ ಪೈಪನ್ನು ಮೆಲ್ಲಗೆ ನೂಕಿದರು. ಬಣ್ಣದೊಳಗೆ ಎಲ್ಲೋ 'ಕಟಕ್' ಎಂದಿತು.

ಅವರ ಎದೆಯೊಳಗೂ ಎಂದಿತು. ಈಗಲೇ ಹೋಗಿ ಹೇಳಿಬಿಡೋಣ ಎಂದು ಕೆಳಗಿಳಿದರೆ, ಬಾಗಿಲಲ್ಲೇ ಕಾರ್ಯದರ್ಶಿಗಳು ಗೋಡೆಗೆ ಕಾಗದ ಅಂಟಿಸುತ್ತಿದ್ದರು: 'ಕಂಬಿಯನ್ನು ಉಚಿತವಾಗಿ ಬೆಸೆದುಕೊಟ್ಟ ಮಹನೀಯರಿಗೆ ಸಂಘದ ಕೃತಜ್ಞತೆಗಳು.' ಆಯಿತು, ನಾಳೆ ಹೇಳೋಣ ಎಂದುಕೊಂಡು ಗುಮಾಸ್ತರು ಮೇಲೆ ಬಂದರು. ಆ ನಾಳೆ ಬೆಳಗಾಗುತ್ತಲೇ ಪೆಟ್ಟಿಗೆ ಸಮೇತ ಮಾವನವರು ಬಂದಿಳಿದರು.

ಮಾವನವರದು ದೊಡ್ಡ ಶರೀರ. ಎರಡು ಕಣ್ಣಿಗೂ ಪೊರೆ ಬಂದು ಬೆಳಕು ನೆರಳಷ್ಟೇ ಕಾಣುತ್ತಿತ್ತು. ಆಪರೇಷನ್ನಿಗೆಂದು ಹೇಗೂ ಬರುವವರಿದ್ದರು, ಕಂಬಿಯ ಸುದ್ದಿ ಕೇಳಿ ಬೇಗ ಹೊರಟುಬಂದರು. ಕಾಫಿ ಕೂಡ ಕುಡಿಯದೆ, "ಎಲ್ಲಿ, ತೋರಿಸಮ್ಮ" ಎಂದು ಮಗಳ ಕೈಹಿಡಿದು ವರಾಂಡಕ್ಕೆ ನಡೆದರು. ಗುಮಾಸ್ತರು ಬಲಿಯ ಕುರಿಯಂತೆ ಹಿಂದೆ ಹೋದರು.

ಮಾವನವರು ಬಗ್ಗಿ ಹೆಬ್ಬೆರಳಿನಿಂದ ಬೆಸುಗೆಯನ್ನು ಸವರಿದರು. ಒಮ್ಮೆ, ಇನ್ನೊಮ್ಮೆ. ಉಗುರಿನಿಂದ ಮೆಲ್ಲಗೆ ಗೀಚಿದರು. ಮಗಳು ಅಪ್ಪನ ಮುಖವನ್ನೇ ನೋಡುತ್ತ ಕಣ್ಣರಳಿಸಿ ನಿಂತಿದ್ದಳು.

"ಶಹಬ್ಬಾಸ್ ಅಳಿಯಂದಿರೇ!" ಎಂದರು ಮಾವನವರು.

ವರ್ಷಗಟ್ಟಲೆ ಕಾದು ಕೂತ ಮಾತು ಬಂತು; ಬಂದದ್ದು ನುಂಗಲಾರದ ತುತ್ತಾಗಿ. ಗುಮಾಸ್ತರ ಗಂಟಲಿನಿಂದ ಇಲಿಯಂಥ ಒಂದು ಸದ್ದು ಹೊರಟಿತು.

"ನೋಡಿ, ಲೋಹ ಕೂಡಿಸೋಕೆ ಮೂರು ದಾರಿ," ಎಂದು ಮಾವನವರು ಶುರುಮಾಡಿದರು. "ವೆಲ್ಡಿಂಗಲ್ಲಿ ಎರಡು ಕಡೇದೂ ಕರಗಿ ಒಂದಾಗುತ್ತೆ. ಆಮೇಲೆ ಇದು ಯಾವ ಮನೇದು, ಅದು ಯಾವ ಮನೇದು ಅಂತ ಹೇಳೋ ಹಾಗಿಲ್ಲ. ಬ್ರೇಜಿಂಗಲ್ಲಿ ಕಬ್ಬಿಣ ಕರಗಲ್ಲ, ಕೆಂಪಗೆ ಕಾಯುತ್ತೆ ಅಷ್ಟೆ. ಹಿತ್ತಾಳೆ ಕರಗಿ ಸಂದಿಯೊಳಗೆ ಹರಿದು ಎರಡನ್ನೂ ಹಿಡ್ಕೊಳ್ಳುತ್ತೆ. ಸೋಲ್ಡರಿಂಗಲ್ಲಿ ಬರೀ ಸೀಸ, ತವರ. ಕಮ್ಮಿ ಶಾಖ, ಕಮ್ಮಿ ಬಲ. ವೈರಿಗೆ, ಡಬ್ಬಕ್ಕೆ ಸರಿ. ಅದರ ಮೇಲೆ ಮನುಷ್ಯರ ಭಾರ ಬಿಟ್ಟರೆ ಕೊಲೆ ಮಾಡಿದ ಹಾಗೆ. ನೀವು ಯಾವುದರಲ್ಲಿ ಮಾಡಿದ್ರಿ?"

"ಮಧ್ಯದ್ದರಲ್ಲಿ ಮಾವ," ಎಂದರು ಗುಮಾಸ್ತರು. ತಪ್ಪಿತಸ್ಥರು ಯಾವಾಗಲೂ ಮಧ್ಯದ್ದನ್ನೇ ಆರಿಸುತ್ತಾರೆ.

"ಭೇಷ್! ಮೊದಲು ತುಕ್ಕೆಲ್ಲ ಕೆರೆದು ಕನ್ನಡಿ ಹಾಗೆ ಮಾಡಿರ್ತೀರಿ."

"ಹೂಂ." ಒಂದು ಚೂರೂ ಕೆರೆದಿರಲಿಲ್ಲ.

"ತುಂಬ ಜನ ಸೀಸ, ಹಿತ್ತಾಳೆ ಕಾಯಿಸ್ತಾರೆ. ಕಾಯಬೇಕಾದ್ದು ಅದಲ್ಲ, ಪೈಪು. ಪೈಪು ಕಾದರೆ ಅದು ತಾನಾಗೇ ಹರಿಯುತ್ತೆ. ತಣ್ಣಗಿದ್ದರೆ ಗೋಲಿ ಗೋಲಿಯಾಗಿ ಉರುಳಿಹೋಗುತ್ತೆ. ನಿಮಗೆ ಇದೆಲ್ಲ ಹೇಳಬೇಕೇ!"

"ಹೂಂ... ಬೇಡ."

"ಸಂದು ಎಷ್ಟು ಬಿಟ್ರಿ? ಕಾಗದದಷ್ಟು ಇದ್ದರೆ ಸಾಕು."

"ಕಾಗದವೇ ಮಾವ," ಎಂದರು ಗುಮಾಸ್ತರು. ಆ ಬೆಳಿಗ್ಗೆ ಅವರು ಆಡಿದ ಒಂದೇ ಸತ್ಯ ಇದು.

ಮಾವನವರು ತೃಪ್ತಿಯಿಂದ ಕಂಬಿಯ ಕಡೆ ಮೈ ವಾಲಿಸಿದರು. ಗುಮಾಸ್ತರು "ಬಣ್ಣ! ಬಣ್ಣ ಇನ್ನೂ ಹಸಿ!" ಎಂದು ಕಿರುಚಿ ಮಧ್ಯೆ ನುಗ್ಗಿ ಅವರನ್ನು ತಬ್ಬಿಕೊಂಡರು. ಅಳಿಯ ಮಾವನನ್ನು ಅಷ್ಟು ಪ್ರೀತಿಯಿಂದ ತಬ್ಬಿದ್ದನ್ನು ನೋಡಿ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಂದು ಆಫೀಸಿನಲ್ಲಿ ರಜೆ ಸಿಗಲಿಲ್ಲ. ಗುಮಾಸ್ತರು ಇಡೀ ದಿನ ಕಡತದ ಮೇಲೆ ಕಡತ ತೆರೆದರು; ಪ್ರತಿ ಪುಟದಲ್ಲೂ ಮಾವನವರು ಕಲ್ಲಿನಂಗಳದ ಕಡೆ ಹಾರಿಹೋಗುತ್ತಿದ್ದರು. ಸಂಜೆ ಓಡೋಡಿ ಬಂದು ನೋಡಿದರೆ ಮಾವನವರು ಗೂಟದ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಗಾಳಿ ಕುಡಿಯುತ್ತ ಕೂತಿದ್ದರು. "ಈ ಜಾಗ ಬಹಳ ಹಿಡಿಸಿತಪ್ಪ," ಎಂದರು. ಮರುದಿನದಿಂದ ಗುಮಾಸ್ತರು ಹೊಟ್ಟೆನೋವೆಂದು ರಜೆ ಬರೆದರು. ಅದೂ ಸುಳ್ಳಾಗಿರಲಿಲ್ಲ.

ಹೀಗೆ ಕಂಬಿಯ ಕಾವಲು ಶುರುವಾಯಿತು. ಯಾರೂ ಏಳುವ ಮೊದಲೇ ಎದ್ದು, ಒಂದು ಕೋಲಿಗೆ ಬ್ರಷ್ ಕಟ್ಟಿ, ಮಾರುದ್ದ ದೂರ ನಿಂತು, ಅರ್ಧ ಕಣ್ಣು ಮುಚ್ಚಿ ಕಂಬಿಗೆ ಬೆಳ್ಳಿಬಣ್ಣ ಬಳಿಯುವುದು. ಆಮೇಲೆ ಬಂದವರಿಗೆಲ್ಲ "ಬಣ್ಣ ಹಸಿ" ಎನ್ನುವುದು.

"ಏನ್ರೀ, ಈ ಬಣ್ಣ ಒಣಗೋದೇ ಇಲ್ವಾ?" ಎಂದಳು ಹೆಂಡತಿ.

"ಒಳ್ಳೆ ಬಣ್ಣ ನಿಧಾನವಾಗೇ ಒಣಗೋದು."

ನಡುವೆ ಒಮ್ಮೆ ಧೈರ್ಯ ಮಾಡಿ ಬೀದಿಯ ವೆಲ್ಡರನ್ನು ಗುಟ್ಟಾಗಿ ಗೊತ್ತುಮಾಡಿದರು. ಮಗಳು ತಂದೆಯನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದ ಹೊತ್ತಿಗೆ ಅವನು ಬರಬೇಕೆಂದು ಮಾತಾಗಿತ್ತು. ಅವನು ಬಂದ. ಗೇಟಿನಲ್ಲೇ ಕಾರ್ಯದರ್ಶಿಗಳು ತಡೆದರು. "ಕಂಬಿಗಾ? ನಮ್ಮ ಕಟ್ಟಡದಲ್ಲೇ ದೊಡ್ಡ ತಜ್ಞರಿದ್ದಾರಪ್ಪ, ನೀನು ಹೊರಡು," ಎಂದು ಹೆಮ್ಮೆಯಿಂದ ವಾಪಸ್ಸು ಕಳಿಸಿದರು. ಮೇಲಿನಿಂದ ನೋಡುತ್ತಿದ್ದ ಗುಮಾಸ್ತರಿಗೆ ಕೂಗಲು ಬಾಯಿ ಬರಲಿಲ್ಲ.

ಊಟ ಸೇರದು, ನಿದ್ದೆ ಬಾರದು. ಗಲ್ಲ ಒಳಕ್ಕೆ ಹೋಯಿತು. ಬೆಳಗಿನಿಂದ ಸಂಜೆಯವರೆಗೆ ಕಂಬಿಯ ಹತ್ತಿರ ನಿಂತು ಅಂಗಳವನ್ನೇ ದಿಟ್ಟಿಸುವುದು, ಪೈಪು ಬಿದ್ದರೆ ಎಲ್ಲಿ ಬೀಳುತ್ತದೆಂದು ಕಣ್ಣಲ್ಲೇ ಅಳೆಯುವುದು. ಒಂದು ದಿನ ಕಾರ್ಯದರ್ಶಿಗಳಿಗೆ, "ಕೆಳಗಿನ ಸ್ಕೂಟರುಗಳನ್ನ ಆ ಕಡೆ ನಿಲ್ಲಿಸಿಬಿಡಿ. ಸುಮ್ಮನೆ ಬೇರೆಯವರಿಗೆ ಯಾಕೆ ನಷ್ಟ," ಎಂದರು. ಮತ್ತೊಂದು ದಿನ ಟೈಲರಮ್ಮನನ್ನು ತಡೆದು, "ಇಲ್ಲಿಂದ ಒಬ್ಬ ಮನುಷ್ಯ ಬಿದ್ದರೆ ಉಳೀತಾನೆ ಅಂತೀರಾ?" ಎಂದು ಕೇಳಿದರು.

ಟೈಲರಮ್ಮನ ಬಾಯಲ್ಲಿದ್ದ ಸೂಜಿ ಕೆಳಗೆ ಬಿತ್ತು. "ಅಯ್ಯೋ ದೇವರೇ!" ಎಂದು ಆಕೆ ನೇರ ಕಾರ್ಯದರ್ಶಿಗಳ ಮನೆಗೆ ಓಡಿದಳು.

ಸಂಘದ ತುರ್ತುಸಭೆ ಬಾಗಿಲು ಮುಚ್ಚಿಕೊಂಡು ನಡೆಯಿತು. ಗುಮಾಸ್ತರು ಪಾಪ ಮೇಲಿನಿಂದ ಹಾರಿಕೊಳ್ಳುವ ಯೋಚನೆಯಲ್ಲಿದ್ದಾರೆ; ಕಾರಣ ಆಫೀಸಿನದೋ ಮನೆಯದೋ ಗೊತ್ತಿಲ್ಲ; ಅವರನ್ನು ಕಂಬಿಯ ಹತ್ತಿರ ಒಂದು ಗಳಿಗೆಯೂ ಒಂಟಿ ಬಿಡತಕ್ಕದ್ದಲ್ಲ. ಹಾಗೆಂದು ಸರ್ವಾನುಮತದಿಂದ ನಿರ್ಣಯವಾಯಿತು. ಆ ಸಂಘ ಯಾವ ವಿಷಯಕ್ಕಾದರೂ ಒಮ್ಮತಕ್ಕೆ ಬಂದದ್ದು ಅದೇ ಮೊದಲು.

ಪರಿಣಾಮವನ್ನು ನೀವೇ ಊಹಿಸಿ. ಯಾವ ಕಂಬಿಯ ಹತ್ತಿರ ಯಾರೂ ಬರಬಾರದೆಂದು ಗುಮಾಸ್ತರು ಪ್ರಾಣ ಬಿಡುತ್ತಿದ್ದರೋ ಅಲ್ಲಿಗೆ ಜನ ಸರದಿಯ ಮೇಲೆ ಬರತೊಡಗಿದರು. ಬಂದವರು ಸುಮ್ಮನೆ ನಿಲ್ಲುತ್ತಾರೆಯೇ? ನಗುನಗುತ್ತ ಬಂದು, ನಗುನಗುತ್ತ ಕಂಬಿಗೆ ಕೈಯೂರಲು ಹೋಗಿ, "ಬದುಕು ಎಷ್ಟು ಚೆನ್ನಾಗಿದೆ ಅಲ್ವಾ ಸಾರ್?" ಎನ್ನುತ್ತಿದ್ದರು.

"ಒರಗಬೇಡಿ! ದಮ್ಮಯ್ಯ, ಒರಗಬೇಡಿ! ಬಣ್ಣ ಹಸಿ!"

"ಬಣ್ಣ ಹತ್ತಿದರೆ ಹತ್ತಲಿ ಸಾರ್. ಒಂದು ಅಂಗಿ ಹೋದರೆ ಏನಾಯ್ತು? ನೀವು ನಮಗೆ ಮುಖ್ಯ."

ಕಾರ್ಯದರ್ಶಿಗಳು ಬಂದಾಗಲಂತೂ ಗುಮಾಸ್ತರ ಜೀವ ಬಾಯಿಗೆ ಬರುತ್ತಿತ್ತು. ಅವರ ಹೊಟ್ಟೆ ಅವರಿಗಿಂತ ಮುಂಚೆ ಕಂಬಿ ಮುಟ್ಟುತ್ತಿತ್ತು. ಗುಮಾಸ್ತರು ಅವರ ಸೊಂಟ ಹಿಡಿದು ಹಿಂದಕ್ಕೆ ಎಳೆಯುತ್ತಿದ್ದರು. ಅವರು ಗುಮಾಸ್ತರ ರಟ್ಟೆ ಹಿಡಿದು ಹಿಂದಕ್ಕೆ ಎಳೆಯುತ್ತಿದ್ದರು. ಇಬ್ಬರೂ ಪರಸ್ಪರರ ಪ್ರಾಣ ಉಳಿಸುತ್ತ ವರಾಂಡದ ತುಂಬ ಸುತ್ತುತ್ತಿದ್ದರು.

ಕೊನೆಗೆ ಒಂದು ಸಂಜೆ ಎಲ್ಲ ಒಟ್ಟಿಗೆ ಕೂಡಿಬಂತು. ಟೈಲರಮ್ಮ ತಡೆಯಲಾರದೆ ಹೆಂಡತಿಗೆ ವಿಷಯ ಹೇಳಿಬಿಟ್ಟಳು. ಹೆಂಡತಿ "ರೀ!" ಎಂದು ಅಳುತ್ತ ಹೊರಗೆ ಬಂದಳು. ಅಳು ಕೇಳಿ ಮಹಡಿಯ ಜನ ಬಂತು, ಕೆಳಗಿನ ಮಹಡಿಯ ಜನ ಬಂತು, ಕಾರ್ಯದರ್ಶಿಗಳು ಒಂದು ಹಗ್ಗ ಹಿಡಿದು ಬಂದರು. ಇಡೀ ವರಾಂಡ ತುಂಬಿ ಕಂಬಿಯ ಕಡೆಗೇ ಒತ್ತಿಕೊಂಡು ಬರುವುದನ್ನು ಕಂಡು ಗುಮಾಸ್ತರು ಎರಡೂ ಕೈ ಚಾಚಿ ಅಡ್ಡ ನಿಂತು ಚೀರಿದರು:

"ಯಾರೂ ಹತ್ತಿರ ಬರಬೇಡಿ! ಬಂದರೆ ಅನಾಹುತ ಆಗುತ್ತೆ!"

"ನೋಡಿದ್ರಾ, ಹೇಳ್ಲಿಲ್ವಾ!" ಎಂದಳು ಟೈಲರಮ್ಮ.

"ನಿಧಾನ ಸಾರ್, ನಿಧಾನ," ಎಂದು ಕಾರ್ಯದರ್ಶಿಗಳು ಹಗ್ಗ ಬಿಚ್ಚುತ್ತ ಒಂದು ಹೆಜ್ಜೆ ಮುಂದಿಟ್ಟರು. "ಸಾಲ ಇದ್ದರೆ ಸಂಘ ನೋಡ್ಕೊಳ್ಳುತ್ತೆ."

"ನಾನೇನು ತಪ್ಪು ಮಾಡಿದೆ ಹೇಳ್ರೀ," ಎಂದು ಹೆಂಡತಿ ಗೋಳಿಟ್ಟಳು. "ನಾಳೆಯಿಂದ ಒಂದು ಮಾತೂ ಎದುರಾಡಲ್ಲ."

ಅಷ್ಟರಲ್ಲಿ ಜನರನ್ನು ಸೀಳಿಕೊಂಡು, ಗೋಡೆ ಸವರಿಕೊಂಡು ಮಾವನವರು ಮುಂದೆ ಬಂದರು. "ಸರೀರಿ ಎಲ್ಲ. ನಮ್ಮ ಅಳಿಯಂದಿರ ಹತ್ತಿರ ನಾನು ಮಾತಾಡ್ತೀನಿ," ಎಂದು ನೆಟ್ಟಗೆ ಗೂಟದ ಕಡೆಗೇ ನಡೆದರು. ಆ ದೊಡ್ಡ ಶರೀರ, ಆ ಕಾಣದ ಕಣ್ಣು, ಚಾಚಿದ ಆ ಕೈ. ಇನ್ನು ಎರಡು ಹೆಜ್ಜೆ ಇಟ್ಟರೆ ಮುಗಿಯಿತು.

ಗುಮಾಸ್ತರ ಮುಂದೆ ಎರಡೇ ದಾರಿ ಉಳಿದವು: ಶಹಬ್ಬಾಸ್ ಉಳಿಸಿಕೊಳ್ಳಬೇಕು, ಇಲ್ಲ ಮಾವನನ್ನು ಉಳಿಸಿಕೊಳ್ಳಬೇಕು.

"ಮಾವಾ, ನಿಲ್ಲಿ!" ಎಂದರು. "ನನಗೆ ಬೆಸುಗೆ ಬರೋದಿಲ್ಲ! ಅದು ಬ್ರೇಜಿಂಗಲ್ಲ, ಬರೀ ಸೀಸ. ತುಕ್ಕು ಕೆರೀಲಿಲ್ಲ, ಪೈಪು ಕಾಯಿಸಲಿಲ್ಲ, ಗೋಲಿ ಗೋಲಿಯಾಗಿ ಉರುಳಿಹೋಯ್ತು. ಸಂದಿಗೆ ಪತ್ರಿಕೆ ತುರುಕಿದ್ದೀನಿ. ಮೇಲಿರೋದು ಪುಟ್ಟಿ, ಬಣ್ಣ. ಮುಟ್ಟಿದರೆ ಬೀಳುತ್ತೆ. ನಾನು ಹಾರೋಕೆ ನಿಂತಿಲ್ಲ, ನೀವು ಯಾರೂ ಬೀಳಬಾರದು ಅಂತ ನಿಂತಿದ್ದೀನಿ. ನನ್ನ ಕೈಯಲ್ಲಿ ಏನೂ ಆಗಲ್ಲ ಮಾವ. ಟಾರ್ಚು ಏನೋ ಗ್ರಹಚಾರಕ್ಕೆ ಹತ್ತಿಕೊಂಡಿತು!"

"ಪಾಪ, ತಲೆ ಪೂರ್ತಿ ಕೆಟ್ಟಿದೆ," ಎಂದು ಯಾರೋ ಪಿಸುಗುಟ್ಟಿದರು.

"ಮುಗೀತಾ?" ಎಂದರು ಮಾವನವರು. ಗುಮಾಸ್ತರು ತಡೆಯುವಷ್ಟರಲ್ಲಿ ತಿರುಗಿ, ಮೂಲೆಗೆ ಬೆನ್ನುಕೊಟ್ಟು, ಆರಾಮಾಗಿ ಒರಗಿಬಿಟ್ಟರು.

ಗುಮಾಸ್ತರು ಕಣ್ಣು ಮುಚ್ಚಿದರು. ಕಿವಿಗಳನ್ನು ಮುಚ್ಚಲು ಕೈ ಏಳಲಿಲ್ಲ. ಏನೂ ಕೇಳಿಸಲಿಲ್ಲ. ಕಣ್ಣು ಬಿಟ್ಟರೆ ಮಾವನವರು ಅಲ್ಲೇ ಇದ್ದರು, ಕಂಬಿಯೂ ಅಲ್ಲೇ ಇತ್ತು.

"ಆಹಾ!" ಎಂದು ಕಾರ್ಯದರ್ಶಿಗಳು ಚಪ್ಪಾಳೆ ತಟ್ಟಿದರು. "ನೋಡಿ, ಇಂಥ ಗಟ್ಟಿ ಕೆಲಸ ಮಾಡಿ ಬರಲ್ಲ ಅಂತಾರೆ! ದೊಡ್ಡವರ ಗುಣವೇ ಇದು. ಸಾರ್, ಮನಸ್ಸಿಗೆ ಏನೂ ಹಚ್ಕೋಬೇಡಿ, ಕೆಲಸದಲ್ಲಿದ್ದರೆ ಎಲ್ಲ ಮರೆಯುತ್ತೆ. ಮೇಲಿನ ನೀರಿನ ಟ್ಯಾಂಕು ಸೋರ್ತಾ ಇದೆ, ಅದನ್ನೂ ನೀವೇ..."

"ಬರೋದಿಲ್ಲ!" ಎಂದರು ಗುಮಾಸ್ತರು. "ನನಗೆ ಬರೋದಿಲ್ಲ! ವೆಲ್ಡರನ್ನ ಕರೆಸಿ!"

"ಆಗಲಿ ಆಗಲಿ, ಸುಧಾರಿಸ್ಕೊಳ್ಳಿ. ಮುಂದಿನ ವಾರ ನೋಡೋಣ," ಎನ್ನುತ್ತ ಕಾರ್ಯದರ್ಶಿಗಳು ಜನರನ್ನು ಕರೆದುಕೊಂಡು ಕೆಳಗಿಳಿದರು. ಟೈಲರಮ್ಮ ಹೆಂಡತಿಯ ಭುಜ ಹಿಡಿದು ನೀರು ಕುಡಿಸಲು ಒಳಗೆ ಕರೆದೊಯ್ದಳು.

ವರಾಂಡದಲ್ಲಿ ಮಾವ ಅಳಿಯ ಇಬ್ಬರೇ ಉಳಿದರು. ಮಾವನವರು ಗುಮಾಸ್ತರ ಕೈಯನ್ನು ಹುಡುಕಿ ಹಿಡಿದು, ಕಂಬಿಯ ಹೊರಬದಿಗೆ ಒಯ್ದು ಇಟ್ಟರು. ಹೊರಕ್ಕೆ ಬಗ್ಗದೆ ಯಾರಿಗೂ ಕಾಣದ ಆ ಜಾಗದಲ್ಲಿ ದಪ್ಪ ತಂತಿ. ಪೈಪನ್ನೂ ಗೂಟವನ್ನೂ ಸೇರಿಸಿ ಸುತ್ತಿನ ಮೇಲೆ ಸುತ್ತು, ಇಕ್ಕಳದಿಂದ ಹುರಿಗೊಳಿಸಿ ಬಿಗಿದಿತ್ತು. ಒಳಬದಿಗೆ ಬಂದ ಸುತ್ತುಗಳನ್ನು ತಮ್ಮದೇ ಸೀಸದ ಗಂಟುಗಳೆಂದುಕೊಂಡು ಗುಮಾಸ್ತರು ದಿನವೂ ಬಣ್ಣ ಬಳಿದಿದ್ದರು.

"ಇದು ಯಾವಾಗ...?"

"ನಾನು ಬಂದ ದಿನ ಮಧ್ಯಾಹ್ನ. ನೀವು ಆಫೀಸಿಗೆ ಹೋಗಿದ್ರಿ, ಇವಳು ಮಲಗಿದ್ದಳು. ಪೆಟ್ಟಿಗೇಲಿ ಇಕ್ಕಳ, ತಂತಿ ಇದ್ದೇ ಇರುತ್ತೆ. ಕಣ್ಣು ಹೋಗಿದೆ ಅಷ್ಟೆ ಅಳಿಯಂದಿರೇ, ಪುಟ್ಟಿ ಯಾವುದು ಲೋಹ ಯಾವುದು ಅಂತ ಹೆಬ್ಬೆರಳಿಗೆ ಗೊತ್ತಾಗಲ್ವೇ? ನೀವಾಗೇ ಹೇಳ್ತೀರಿ ಅಂತ ಕಾಯ್ತಾ ಇದ್ದೆ. ದಿನಾ ಬಣ್ಣದ ವಾಸನೆ ಬರ್ತಿತ್ತು, ಏನೋ ಕಸುಬು ಹಿಡಿಸಿದೆ ಅಂದುಕೊಂಡೆ. ನೀವು ಇಷ್ಟು ಸೊರಗಿದ್ದು ನನಗೆ ಕಾಣಬೇಕಲ್ಲ."

"ಮತ್ತೆ ಅವತ್ತು ಶಹಬ್ಬಾಸ್ ಅಂದ್ರಲ್ಲ ಮಾವ?"

"ಮಗಳು ಪಕ್ಕದಲ್ಲೇ ನಿಂತಿದ್ದಳಲ್ಲಪ್ಪ," ಎಂದರು ಮಾವನವರು.

ಇಷ್ಟು ದಿನ ಊರಿಗೆಲ್ಲ ಒರಗಬೇಡಿ ಎಂದ ಆ ಕಂಬಿಗೆ ಗುಮಾಸ್ತರು ತಾವೇ ಒರಗಿ, ನಾಚಿಕೆ ಬಿಟ್ಟು ಅತ್ತರು. ಮೆಟ್ಟಿಲ ಕೆಳಗಿನಿಂದ ಕಾರ್ಯದರ್ಶಿಗಳ ದನಿ ಕೇಳಿತು: "ಅಳಲಿ ಬಿಡಿ, ಅತ್ತರೆ ಹಗುರಾಗುತ್ತೆ."

"ಸ್ವಲ್ಪ ಈ ಕಡೆ ಬನ್ನಿ ಅಳಿಯಂದಿರೇ," ಎಂದರು ಮಾವನವರು. "ನಾಳೆ ನಾನೇ ವೆಲ್ಡರನ್ನ ಕರೆಸ್ತೀನಿ, ಅಲ್ಲಿವರೆಗೆ ಅದು ಎಷ್ಟೆಂದರೂ ತಂತಿ. ನಾನು ಒರಗಿದ್ದು ಗೂಟಕ್ಕೆ."

ಎಂದು ಪಕ್ಕಕ್ಕೆ ಸರಿದು, ಗೂಟದ ಬಳಿ ಅಳಿಯನಿಗೂ ಒಂದಿಷ್ಟು ಜಾಗ ಮಾಡಿಕೊಟ್ಟರು.